ಚಾಪೆ ಸುತ್ತಿದ ಮೋಡ

ಆಗಸ್ಟ್ 4, ಸೋಮವಾರ

ಇವತ್ತು ಅಪ್ಪ ಮತ್ತೆ ಕೆಲಸಕ್ಕೆ ಹೋಗಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷವಾದ ಮನುಷ್ಯ. ಹಳೆಯ ಖಾಕಿ ಕೋಟು ಹಾಕಿಕೊಂಡು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಮನೆಯ ಚಪ್ಪಲಿ ಮೆಟ್ಟಿ, ಬೆಳಕು ಹರಿಯುವ ಹೊತ್ತಿಗೆ ಏರ್‌ಫೀಲ್ಡಿನ ತಂತಿಬೇಲಿಯ ಪಕ್ಕ ನಿಂತು ಚಪ್ಪಾಳೆ ತಟ್ಟುತ್ತಿದ್ದರಂತೆ. ಹಕ್ಕಿ ಓಡಿಸಲು. ಗೇಟಿನ ಕಾವಲುಗಾರ ಒಳಗೆ ಕರೆತಂದು ಕ್ಯಾಂಟೀನಿನಲ್ಲಿ ಕೂರಿಸಿ ನನಗೆ ಹೇಳಿಕಳಿಸಿದ.

ನಾನು ಹ್ಯಾಂಗರಿನಲ್ಲಿ ತರಬೇತಿ ವಿಮಾನವೊಂದರ ಎಂಜಿನ್ ಬಿಚ್ಚಿಟ್ಟುಕೊಂಡು ಕೂತಿದ್ದೆ. ಕೈ ಒರೆಸಿಕೊಂಡು ಓಡಿದೆ. ಹೋಗುವಷ್ಟರಲ್ಲಿ ಅಪ್ಪನ ಸುತ್ತ ಸಂತೆ ನೆರೆದಿತ್ತು. ವಿಮಾನ ಕಲಿಯುವವರೆಲ್ಲ ಚಹಾ ಲೋಟ ಹಿಡಿದು ನಿಂತಿದ್ದರು. ಮತ್ತೇನು, ಮೋಡದ ಕಥೆ.

"ಚಾಪೆ ಸುತ್ತಿ ಉರುಳಿಸ್ತಾರಲ್ಲ, ಹಾಗೆ! ಆಕಾಶದ ಈ ತುದಿಯಿಂದ ಆ ತುದಿಗೆ ಒಂದೇ ಚಾಪೆ. ಮರದ ನೆತ್ತಿ ಸವರೋಷ್ಟು ಕೆಳಗೆ. ಮುಂದಕ್ಕೆ ಬರ್ತಾ ಬರ್ತಾ ಹಿಂದಕ್ಕೆ ಸುತ್ಕೊಳ್ತಿತ್ತು. ಅದು ಬರೋ ಮುಂಚೆ ಹಕ್ಕಿಗಳೆಲ್ಲ ಹುಲ್ಲಿನ ಮೇಲೆ ಇಳಿದು ತಲೆ ತಗ್ಗಿಸಿ ಕೂತ್ಬಿಟ್ವು. ನಾನು ಪಟಾಕಿ ಹೊಡೆದೆ, ಒಂದೂ ಏಳಲಿಲ್ಲ!"

"ಟಿಕೆಟ್ ತಗೊಂಡು ಕೂತಿದ್ವೇನೋ ಅಜ್ಜ," ಅಂದರು ಹಲ್ಲಿನ ಡಾಕ್ಟರು. ಐವತ್ತು ದಾಟಿದ ಮೇಲೆ ವಿಮಾನ ಓಡಿಸುವ ಹುಚ್ಚು ಹತ್ತಿಸಿಕೊಂಡಿರುವ ಮನುಷ್ಯ, ಮಾತಿಗೆ ಮುಂಚೆ ನಗು. ಎಲ್ಲರೂ ಬಿದ್ದು ಬಿದ್ದು ನಕ್ಕರು. ತರಬೇತಿ ಕೊಡುವ ಕ್ಯಾಪ್ಟನ್ ನನ್ನ ಕಡೆ ನೋಡಿ, "ಬೆಳಿಗ್ಗೆನೇ ಚಾಪೆ ಬಿಚ್ಚಿದ್ರು ನಿಮ್ಮಪ್ಪ," ಅಂದರು.

ಅಪ್ಪನೂ ನಕ್ಕರು. ಅದೇ ನನಗೆ ತಡೆಯಲಾಗದ್ದು. ಅವರು ಅಷ್ಟು ವರ್ಷ ಜೀಪಿನಲ್ಲಿ ರನ್‌ವೇಯ ಉದ್ದಕ್ಕೂ ಓಡಾಡಿ ಹಕ್ಕಿ ಓಡಿಸಿದರು. ಒಂದು ವಿಮಾನಕ್ಕೂ ಒಂದು ಗರಿ ತಾಗದ ಹಾಗೆ ನೋಡಿಕೊಂಡರು. ಅದು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಉಳಿದದ್ದು "ಚಾಪೆ" ಅನ್ನುವ ಅಡ್ಡಹೆಸರು. ಕೆಲಸಕ್ಕೆ ಸೇರಿದ ಮೊದಲ ದಿನ ನನಗೂ ಬಂದಿತ್ತು ಅದರ ಪಾಲು: "ಓ, ಚಾಪೆ ಮಗಳಾ?"

ಅಪ್ಪ ಮೋಡ ಕಂಡ ಆ ಬೆಳಗು ನನಗೆ ಮಸುಕಾಗಿ ನೆನಪಿದೆ. ನಾನು ಚಿಕ್ಕವಳು. ಅಪ್ಪ ಡ್ಯೂಟಿ ಬಿಟ್ಟು ಜೀಪಿನಲ್ಲಿ ಮನೆಗೆ ನುಗ್ಗಿ ಬಂದು, ಅಮ್ಮನನ್ನೂ ನನ್ನನ್ನೂ ತಮ್ಮನನ್ನೂ ಎಬ್ಬಿಸಿ ಅಂಗಳಕ್ಕೆ ಎಳೆದು ತಂದರು. ನೋಡಿದರೆ ಬರೀ ಆಕಾಶ. ತೊಳೆದಿಟ್ಟ ಹಾಗಿತ್ತು. ಅಪ್ಪ ಏದುಸಿರು ಬಿಡುತ್ತಾ "ಈಗಷ್ಟೇ, ಈಗಷ್ಟೇ," ಅನ್ನುತ್ತಿದ್ದರು. ನನಗೆ ಕಾಲು ತಣ್ಣಗಾಗಿ ಅಳು ಬಂದಿತ್ತು. ಅಮ್ಮ, "ನಿದ್ದೆಗಣ್ಣಲ್ಲಿ ಏನು ಕಂಡ್ರೋ," ಅಂದಳು. ಡ್ಯೂಟಿ ಬಿಟ್ಟದ್ದಕ್ಕೆ ಅಪ್ಪನಿಗೆ ಮೇಲಿನವರಿಂದ ಛೀಮಾರಿ ಆಯಿತು.

ಇವತ್ತು ಮನೆಗೆ ಕರೆತಂದು ಬಾಗಿಲಿಗೆ ಮೇಲಿನ ಚಿಲಕ ಹಾಕಿಸಿದೆ.

ಆಗಸ್ಟ್ 9, ಶನಿವಾರ

ಮರೆವಿನ ಕಾಯಿಲೆ ನೋಡುವ ಡಾಕ್ಟರ ಹತ್ತಿರ ಹೋಗಿದ್ದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ಅಪ್ಪನಿಗೆ ಗಡಿಯಾರ ಬರೆಯಲು ಹೇಳಿದಳು. ಅಪ್ಪ ಬರೆದರು, ಮುಳ್ಳುಗಳನ್ನು ಮಾತ್ರ ಹೊರಗೆ ಬಿಟ್ಟರು.

"ಇಲ್ಲದ್ದೇನಾದ್ರೂ ಕಾಣುತ್ತೆ ಅಂತಾರಾ?" ಎಂದು ನನ್ನನ್ನು ಕೇಳಿದಳು.

ಹಕ್ಕಿಗಳ ವಿಷಯ ಹೇಳಿದೆ. ಆಮೇಲೆ ಮೋಡದ್ದು.

"ಆ ಮೋಡ ಹಿಂದೆ ಯಾವಾಗಾದ್ರೂ ನಿಜವಾಗಿ ನೋಡಿದ್ದಾ?"

"ಇಲ್ಲ ಡಾಕ್ಟ್ರೇ. ಮೊದಲಿಂದ ಒಂದು ಕಥೆ ಹೇಳ್ತಾರೆ, ಅಷ್ಟೆ."

ಅಪ್ಪ ಪಕ್ಕದ ಕುರ್ಚಿಯಲ್ಲೇ ಇದ್ದರು. ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದವರು ತಿರುಗಿ ನನ್ನ ಮುಖ ನೋಡಿದರು. ಕೋಟಿನ ಗುಂಡಿ ಹಾಕಿಕೊಂಡರು, ಹೊರಡುವ ಹೊತ್ತಾಯಿತು ಅನ್ನುವ ಹಾಗೆ.

ವಾದಕ್ಕೆ ಇಳಿಯಬೇಡಿ ಅಂದಳು ಡಾಕ್ಟರು. ಗಾಬರಿಯಾದಾಗ ಕೂರಿಸಿ, ನೀರು ಕೊಟ್ಟು, ಮಾತನ್ನು ಬೇರೆ ಕಡೆ ತಿರುಗಿಸಬೇಕಂತೆ. ಹೇಳುವುದು ಸುಲಭ. ನಾನು ಮೆಕ್ಯಾನಿಕ್. ಸಡಿಲವಾದ ನಟ್ಟಿನಿಂದ ಕಣ್ಣು ತಿರುಗಿಸಿದರೆ ಅದು ತಾನಾಗಿ ಬಿಗಿಯಾಗುವುದಿಲ್ಲ. ಅಪ್ಪನನ್ನು ಮನೆಯಿಂದ ಹೊರಗೆ ಎಳೆಯುವುದು ಆ ಮೋಡ. ಅದೊಂದು ಹೋದರೆ ಉಳಿದದ್ದು ಹೇಗಾದರೂ ನಿಭಾಯಿಸಬಹುದು.

ಆಗಸ್ಟ್ 18, ಸೋಮವಾರ

ಬಿದ್ದರು. ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ. ಆ ಬಾಗಿಲಿಗೆ ಚಿಲಕ ಹಾಕಿಸುವುದು ನನಗೆ ತೋಚಿರಲಿಲ್ಲ.

ಸದ್ದಿಗೆ ಎದ್ದು ಓಡಿದೆ. ಇನ್ನೂ ನಸುಗತ್ತಲು. ಮಂಡಿ ಕಿತ್ತು ರಕ್ತ ಬರುತ್ತಿದ್ದರೂ ಅಪ್ಪ ಮೇಲೆ ನೋಡುತ್ತಲೇ ಇದ್ದರು. "ಗಾಳಿ ಒಂಚೂರೂ ಇಲ್ಲ ನೋಡು. ಇಂಥ ದಿನಾನೇ. ಬಂದ್ರೂ ಬರಬಹುದು."

"ಎಂಥದೂ ಬರಲ್ಲ!" ಎಂದು ಕಿರುಚಿಬಿಟ್ಟೆ. ಎದುರುಮನೆಯ ದೀಪ ಹತ್ತಿಕೊಂಡಿತು. "ಬರಲ್ಲ ಅಪ್ಪಾ, ಬಂದೂ ಇರ್ಲಿಲ್ಲ. ನೀವು ಕನಸು ಕಂಡಿದ್ರಿ. ಎಲ್ಲರಿಗೂ ಗೊತ್ತು, ನಿಮಗೊಬ್ಬರಿಗೇ ಗೊತ್ತಿಲ್ಲ."

ಒಳಗೆ ಕೂರಿಸಿ ಮಂಡಿ ತೊಳೆದೆ. ಮೂಳೆಗೇನೂ ಆಗಿಲ್ಲ. ಔಷಧಿ ಹಚ್ಚುವಾಗ ಉರಿದಿರಬೇಕು, ಅಪ್ಪ ಹಲ್ಲು ಕಚ್ಚಿಕೊಂಡಿದ್ದರು. ಸಂಜೆ ಅವರ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿದೆ. ಬೆಳಕು ಬೀಳದಿದ್ದರೆ ಇನ್ನೊಂದಿಷ್ಟು ಮಲಗುತ್ತಾರೆ.

ಆಗಸ್ಟ್ 24, ಭಾನುವಾರ

ತಮ್ಮ ಬಂದಿದ್ದ. ಭಾನುವಾರದ ಮಗ ಅವನು. ಹಣ್ಣಿನ ಚೀಲ ಹಿಡಿದು ಬಂದು, ಅಪ್ಪನ ಭುಜ ತಟ್ಟಿ, ಎರಡು ಜೋಕು ಹೇಳಿ ಹೋಗುತ್ತಾನೆ. ಅಪ್ಪನಿಗೆ ಅವನೆಂದರೆ ಪ್ರಾಣ.

ಅವನ ಎದುರಿಗೇ ಅಪ್ಪ ಮೋಡದ ಮಾತು ತೆಗೆದರು. ನಾನು ತಡೆದೆ. "ಅಪ್ಪಾ, ನಿಧಾನ. ಕೂತ್ಕೊಳ್ಳಿ. ನೀರು ಕುಡೀರಿ. ಆ ಮೋಡ ನಿಜವಾ?"

"ನಿಜ ಕಣಮ್ಮ."

"ಯಾರಾದ್ರೂ ನೋಡಿದ್ರಾ ನಿಮ್ಮ ಜೊತೆ?"

"ಇಲ್ಲ."

"ಮತ್ತೆ?"

ಅಪ್ಪ ಯೋಚಿಸಿದರು. ನೀರಿನ ಲೋಟ ಹಾಗೇ ಕೈಯಲ್ಲಿತ್ತು.

ತಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಹೇಳ್ಕೊಳ್ಳಲಿ ಬಿಡಕ್ಕ. ನಿನ್ನ ಗಂಟೇನು ಹೋಗುತ್ತೆ?" ಅಂದ.

"ಬಿದ್ದಾಗ ಎತ್ತೋಕೆ ನೀನು ಬರ್ತೀಯಾ?" ಅಂದೆ. ಮಾತಿನಲ್ಲಿ ಗೆದ್ದೆ.

ಆಗಸ್ಟ್ 29, ಶುಕ್ರವಾರ

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ. ಕೂರಿಸುವುದು, ನೀರು, ಆಮೇಲೆ ಆ ಪ್ರಶ್ನೆ. ಬೈಯುವುದಿಲ್ಲ, ದನಿ ಏರಿಸುವುದಿಲ್ಲ. ಹಗಲು ಅಪ್ಪನನ್ನು ನೋಡಿಕೊಳ್ಳಲು ಬರುವ ನರ್ಸಮ್ಮನಿಗೂ ಹೇಳಿಕೊಟ್ಟಿದ್ದೇನೆ. ಆಕೆ ನನ್ನ ಮುಂದೆ ಹೂಂ ಅನ್ನುತ್ತಾಳೆ. ಹಿಂದೆ ಮಾಡುತ್ತಾಳೋ ಇಲ್ಲವೋ.

ಇವತ್ತು ಅಪ್ಪನ ಉತ್ತರ: "ಇದ್ದಿರಬಹುದು."

ಸೆಪ್ಟೆಂಬರ್ 5, ಶುಕ್ರವಾರ

ಇವತ್ತು ಬರೆಯಲೇಬೇಕು. ಸಂಜೆ ಬಂದು ಕೇಳಿದೆ. ಅಪ್ಪ ನನ್ನ ಮುಖ ನೋಡಿ, ಪಾಠ ಒಪ್ಪಿಸುವ ಮಕ್ಕಳು ಮೇಷ್ಟರ ಮುಖ ನೋಡುತ್ತಾರಲ್ಲ ಹಾಗೆ ನೋಡಿ, "ಮೋಡ ಇರ್ಲಿಲ್ಲ," ಅಂದರು.

"ಏನಂದ್ರಿ?"

"ಇರ್ಲಿಲ್ಲಮ್ಮ. ನಾನೇ ಸುಮ್ಮನೆ ಹೇಳ್ತಿದ್ದೆ."

ಕಣ್ಣಲ್ಲಿ ನೀರು ಬಂತು, ಸಮಾಧಾನಕ್ಕೆ. ಅವರ ಕೈ ಹಿಡಿದು "ಜಾಣ ನಮ್ಮಪ್ಪ," ಅಂದೆ. ಅವರಿಗೂ ಖುಷಿಯಾಯಿತು, ನಾನು ಖುಷಿಯಾದದ್ದಕ್ಕೆ. ಬಿಸಿ ಹಾಲಿಗೆ ಬ್ರೆಡ್ಡು ಅದ್ದಿಕೊಂಡು ತಿಂದೆವು ಇಬ್ಬರೂ. ಮೆತ್ತನೆಯ ಹೊಸ ಕಾಲುಚೀಲ ತಂದಿದ್ದೆ, ತೊಡಿಸಿದೆ.

ಕಿರಿಕಿರಿ ಮಾಡುತ್ತಿದ್ದ ಎಂಜಿನ್ ಕೊನೆಗೂ ಸರಿಯಾಗಿ ಓಡಿದಾಗ ಆಗುವ ಸುಖವೇ ಬೇರೆ. ಇವತ್ತು ನೆಮ್ಮದಿಯ ನಿದ್ದೆ.

ಸೆಪ್ಟೆಂಬರ್ 16, ಮಂಗಳವಾರ

ನರ್ಸಮ್ಮನಿಗೆ ಹುಷಾರಿಲ್ಲ ಎಂದು ಅಪ್ಪನನ್ನು ನನ್ನ ಜೊತೆಗೇ ಕರೆದುಕೊಂಡು ಹೋಗಿದ್ದೆ. ಕ್ಯಾಂಟೀನಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ಮೊದಲಿನ ಹಾಗೆ ಎದ್ದು ಓಡಾಡಲಿಲ್ಲ. ಎಲ್ಲಿ ಕೂರಿಸಿದರೆ ಅಲ್ಲೇ. ನೆಮ್ಮದಿಯ ವಿಷಯ.

ಹಲ್ಲಿನ ಡಾಕ್ಟರು ಬಂದು ಕುರ್ಚಿ ಎಳೆದುಕೊಂಡರು. "ಅಜ್ಜ, ಹೊಸಬರು ಬಂದಿದ್ದಾರೆ. ಬಿಚ್ಚಿ ನಿಮ್ಮ ಚಾಪೆ!"

"ಯಾವ ಚಾಪೆ?" ಅಂದರು ಅಪ್ಪ.

"ಅದೇ ಅಜ್ಜ, ಮೋಡ."

"ಮೋಡ ಇರ್ಲಿಲ್ಲಪ್ಪ."

ಯಾರೂ ನಗಲಿಲ್ಲ. ಕ್ಯಾಪ್ಟನ್ ನನ್ನ ಕಡೆ ನೋಡಿದರು. ನನಗೆ ಒಂದು ವಿಮಾನದ ಎಣ್ಣೆ ನೋಡುವುದಿತ್ತು, ಎದ್ದು ಬಂದೆ.

ಈಚೆಗೆ ಊಟ ಕಡಿಮೆಯಾಗಿದೆ. ಪರದೆ ಸರಿಸಿ ಅಂತ ಕೂಡ ಕೇಳುವುದಿಲ್ಲ ಅನ್ನುತ್ತಾಳೆ ನರ್ಸಮ್ಮ. ವಯಸ್ಸಾಯಿತಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಹೇಗೆ ಬರೆಯಲಿ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನರ್ಸಮ್ಮನನ್ನು ನಸುಕಿಗೇ ಬರಹೇಳಿ, ಬೆಳಕು ಹರಿಯುವ ಮುಂಚೆ ಹ್ಯಾಂಗರ್ ತೆರೆದೆ. ಹಲ್ಲಿನ ಡಾಕ್ಟರು ಇವತ್ತು ಮೊದಲ ಸಲ ಒಬ್ಬರೇ ಹಾರುವವರಿದ್ದರು. ವಿಮಾನವನ್ನು ಹೊರಗೆ ತಳ್ಳಿ ನಿಲ್ಲಿಸಿ, ಒಂದು ಸುತ್ತು ಎಲ್ಲ ಮುಟ್ಟಿ ನೋಡಿ ಅವರಿಗೆ ಒಪ್ಪಿಸಿದೆ. ಗಾಳಿ ಸತ್ತಂತಿತ್ತು. ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ ಒದ್ದೆ ಅಂಗಿಯ ಹಾಗೆ ಜೋತುಬಿದ್ದಿತ್ತು. "ನಮ್ಮ ಅದೃಷ್ಟ ನೋಡಿ, ಮಗು ಕೂಡ ಹಾರಿಸಬಹುದು ಇವತ್ತು," ಅಂದರು ಡಾಕ್ಟರು, ಬೆವರೊರೆಸಿಕೊಳ್ಳುತ್ತಾ. ಕ್ಯಾಪ್ಟನ್ ಕೈಯಲ್ಲಿ ರೇಡಿಯೋ ಹಿಡಿದು ನನ್ನ ಪಕ್ಕ ನಿಂತಿದ್ದರು. ವಿಮಾನ ಮೆಲ್ಲಗೆ ರನ್‌ವೇಯ ಕಡೆ ಹೊರಟಿತು.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹಕ್ಕಿಗಳು. ಬೇಲಿಯ ಆಚೆಯಿಂದ ಕೊಕ್ಕರೆಗಳು ಬಂದವು, ಕಾಗೆಗಳು ಬಂದವು, ಹೆಸರು ಗೊತ್ತಿಲ್ಲದ ಸಣ್ಣವು ಬಂದವು. ಬಂದವು ಬಂದ ಹಾಗೇ ಹುಲ್ಲಿನ ಮೇಲೆ ಇಳಿದವು. ಒಂದರ ಮುಖ ಇನ್ನೊಂದು ನೋಡದ ಜಾತಿಗಳು ಒಂದೇ ಕಡೆ ತಿರುಗಿ, ತಲೆಯನ್ನು ಭುಜದೊಳಗೆ ಎಳೆದುಕೊಂಡು ಕೂತವು. ಮೇಲೆ ಒಂದೂ ಇಲ್ಲ. ವಿಮಾನ ಅವುಗಳ ಪಕ್ಕದಲ್ಲೇ ಗುಡುಗುಟ್ಟುತ್ತಾ ಹೋದರೂ ಒಂದೂ ಏಳಲಿಲ್ಲ.

ಆಗಿನ್ನೂ ಮೋಡ ಕಂಡಿರಲಿಲ್ಲ. ಆದರೂ ಗೊತ್ತಾಯಿತು.

ಪಡುವಣದಲ್ಲಿ ನೆಲಕ್ಕೆ ಅಂಟಿದ ಒಂದು ಬೂದು ಗೆರೆ. ಹೊಗೆ ಅಂದರು ಕ್ಯಾಪ್ಟನ್. ಗೆರೆ ದಪ್ಪವಾಯಿತು. ಎಡಕ್ಕೆ ನೋಡಿದರೆ ಅದರ ತುದಿ ಕಾಣಲಿಲ್ಲ, ಬಲಕ್ಕೆ ನೋಡಿದರೂ ಕಾಣಲಿಲ್ಲ. ಉಳಿದ ಆಕಾಶವೆಲ್ಲ ಖಾಲಿ. ಅದೊಂದೇ, ಯಾರೋ ಆಚೆಯಿಂದ ತಳ್ಳಿಬಿಟ್ಟ ಹಾಗೆ, ಸದ್ದಿಲ್ಲದೆ ಬರುತ್ತಿತ್ತು. ಕ್ಯಾಪ್ಟನ್ ರೇಡಿಯೋ ಬಾಯಿಗೆ ಹಿಡಿದು, "ಡಾಕ್ಟ್ರೇ, ನಿಲ್ಲಿಸಿ. ಹಾರಬೇಡಿ. ಇದ್ದಲ್ಲೇ ಎಂಜಿನ್ ಬಂದ್ ಮಾಡಿ," ಅಂದರು. ದನಿ ಅವರದ್ದಲ್ಲ ಅನ್ನಿಸಿತು.

ನಾವಿಬ್ಬರೂ ಹಗ್ಗ ಹಿಡಿದು ಓಡಿದೆವು. ನಾನು ಒಂದು ರೆಕ್ಕೆಗೆ ಜೋತುಬಿದ್ದೆ, ಅವರು ಇನ್ನೊಂದಕ್ಕೆ. ತಲೆ ಎತ್ತಿದಾಗ ಅದು ಬಂದೇಬಿಟ್ಟಿತ್ತು.

ಚಾಪೆ. ಬೇರೆ ಮಾತು ನನಗೂ ಸಿಗಲಿಲ್ಲ. ಆಕಾಶದುದ್ದಕ್ಕೂ ಸುತ್ತಿಟ್ಟ ಚಾಪೆ. ನೀರಿನ ಟ್ಯಾಂಕಿಗೆ ಈಗ ತಾಗಿತು, ಈಗ ತಾಗಿತು ಅನ್ನುವಷ್ಟು ಕೆಳಗೆ. ಮುಂಭಾಗ ಕಡೆದಿಟ್ಟಷ್ಟು ನುಣುಪು, ಬುಡದಲ್ಲಿ ಕಪ್ಪು, ನೆತ್ತಿಯಲ್ಲಿ ಮೂಡಲ ಬೆಳಕು ಬಿದ್ದು ಹಾಲಿನ ಕೆನೆಯ ಬಣ್ಣ. ಎದುರಿನ ಪದರ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು, ಏರಿ ಹಿಂದಕ್ಕೆ ಬೀಳುತ್ತಿತ್ತು. ಮುಂದಕ್ಕೆ ಬರುತ್ತಾ ಬರುತ್ತಾ ಹಿಂದಕ್ಕೆ ಸುತ್ತಿಕೊಳ್ಳುತ್ತಿತ್ತು.

ಆಮೇಲೆ ಗಾಳಿ ಹೊಡೆಯಿತು. ಗೋಡೆ ಬಿದ್ದ ಹಾಗೆ. ರೆಕ್ಕೆ ನನ್ನನ್ನೂ ಎತ್ತಿಕೊಂಡು ಮೇಲೆ ಹೋಗಲು ನೋಡಿತು, ನಾನು ಹೊಟ್ಟೆಯನ್ನು ಅದಕ್ಕೆ ಒತ್ತಿ ಹಿಡಿದೆ. ತಣ್ಣನೆಯ ನೆರಳು ರನ್‌ವೇ ದಾಟಿತು, ನಮ್ಮನ್ನು ದಾಟಿತು, ಹ್ಯಾಂಗರ್ ದಾಟಿತು. ಹಿಂದೆ ಬಿಸಿಲು. ಗಾಳಿಯ ಚೀಲ ಮತ್ತೆ ಜೋತುಬಿತ್ತು. ಹಕ್ಕಿಗಳು ಒಟ್ಟಿಗೆ ಎದ್ದವು.

ಹಲ್ಲಿನ ಡಾಕ್ಟರು ವಿಮಾನದಿಂದ ಇಳಿದು ಚಕ್ರದ ಪಕ್ಕವೇ ಕೂತುಬಿಟ್ಟರು. "ಅಜ್ಜ ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲವಲ್ರೀ," ಅಂದರು. ನಗಲಿಲ್ಲ.

ನಾನು ಸ್ಕೂಟರ್ ಹತ್ತಿದೆ. ಯಾರಿಗೂ ಹೇಳಲಿಲ್ಲ. ಡ್ಯೂಟಿ, ಬಿಚ್ಚಿಟ್ಟ ಸಾಮಾನು, ಯಾವುದೂ ನೆನಪಾಗಲಿಲ್ಲ. ದಾರಿಯಲ್ಲಿ ಮೋಡ ನನಗಿಂತ ಮುಂದೆ ಹೋಗುತ್ತಿತ್ತು. ನಮ್ಮ ಬೀದಿಯ ಮೇಲೆ, ನಮ್ಮ ಮನೆಯ ಮೇಲೆ ಅದು ದಾಟಿದ್ದನ್ನು ಹಿಂದಿನಿಂದ ನೋಡಿದೆ. ಕಿಟಕಿಯಲ್ಲಿ ನಿಂತಿರುತ್ತಾರೆ, ಗಾಳಿಯ ಸದ್ದಿಗೆ ಎದ್ದಿರುತ್ತಾರೆ ಅಂದುಕೊಂಡೆ. ಪರದೆಯ ವಿಷಯ ನೆನಪಾದದ್ದು ಬಾಗಿಲಿಗೆ ಬಂದಾಗ.

ಕೋಣೆ ಕತ್ತಲು. ಗಾಳಿಗೆ ಧೂಳು ಬರುತ್ತದೆಂದು ನರ್ಸಮ್ಮ ಕಿಟಕಿಯ ಬಾಗಿಲನ್ನೂ ಮುಚ್ಚಿದ್ದಳು. ಅಪ್ಪ ಆಗಷ್ಟೇ ಎದ್ದು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನಾನು ಪರದೆ ಎಳೆದ ರಭಸಕ್ಕೆ ಅದರ ಕೋಲು ಕಿತ್ತು ಬಂತು. ಕಿಟಕಿ ತೆರೆದರೆ ಬರೀ ಆಕಾಶ.

"ಅಪ್ಪಾ, ಬಂದಿತ್ತು! ಈಗಷ್ಟೇ ಹೋಯ್ತು! ನಿಮ್ಮ ಮೋಡ, ನಾನು ನೋಡಿದೆ. ಹಕ್ಕಿ ಕೂತಿದ್ವು ಅಪ್ಪಾ, ಒಂದೂ ಏಳಲಿಲ್ಲ. ಹಿಂದಕ್ಕೆ ಸುತ್ಕೊಳ್ತಾನೇ ಬಂತು, ನೀವು ಹೇಳಿದ ಹಾಗೇ..."

ಉಸಿರು ಸಿಗುತ್ತಿರಲಿಲ್ಲ. ಅಪ್ಪ ನನ್ನ ಕೈ ಹಿಡಿದು ಮಂಚದ ಮೇಲೆ ಕೂರಿಸಿದರು.

"ನಿಧಾನ. ಕೂತ್ಕೋ. ನೀರು ಕುಡಿ."

ತಲೆದಿಂಬಿನ ಪಕ್ಕದ ಲೋಟ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಕುಡಿಯುವ ತನಕ ಕಾದರು.

"ಆ ಮೋಡ ನಿಜ ಅಲ್ಲಮ್ಮ," ಅಂದರು. ಬೈಯಲಿಲ್ಲ, ದನಿ ಏರಿಸಲಿಲ್ಲ. "ನಾನೇ ಸುಮ್ಮನೆ ಹೇಳ್ತಿದ್ದೆ."

ಸೆಪ್ಟೆಂಬರ್ 24, ಬುಧವಾರ

ಕೆಲಸಕ್ಕೆ ಹೋಗಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಕ್ಯಾಪ್ಟನ್ ಮನೆಗೆ ಬಂದಿದ್ದರು, ಇಸ್ತ್ರಿ ಹಾಕಿದ ಅಂಗಿ ತೊಟ್ಟು. ಅಪ್ಪನ ಎದುರು ಕುರ್ಚಿಯ ತುದಿಯಲ್ಲಿ ಕೂತು, "ನಾವೆಲ್ಲ ನಿಮ್ಮನ್ನ ಆಡ್ಕೊಂಡು ನಕ್ಕಿದ್ವಿ. ತಪ್ಪಾಯ್ತು. ಈಗ ಊರಿಗೆ ಊರೇ ನೋಡಿದೆ," ಅಂದರು. ಫೋನಿನಲ್ಲಿ ಯಾರೋ ತೆಗೆದ ಫೋಟೋ ತೋರಿಸಿದರು. ಅಷ್ಟು ದೊಡ್ಡದು ಅಂಗೈಯೊಳಗೆ ಬಂದರೆ ಏನು ಕಾಣುತ್ತದೆ. ಬೂದಿ ಬಣ್ಣದ ಒಂದು ಪಟ್ಟಿ.

"ಚೆನ್ನಾಗಿದೆ," ಅಂದರು ಅಪ್ಪ.

"ನೀವು ಹೇಳಿದ್ದಿರಲ್ಲ, ಇದೇ."

"ನಾನೆಲ್ಲಿ ಹೇಳಿದ್ದೆ?" ಅಪ್ಪನಿಗೆ ಕಸಿವಿಸಿಯಾಯಿತು. ನನ್ನ ಕಡೆ ನೋಡಿದರು, ಉತ್ತರ ಸರಿಯಾಯಿತೋ ಇಲ್ಲವೋ ಅಂತ. "ಹಾಗೇನೂ ಇರ್ಲಿಲ್ಲ ಸಾರ್. ನಾನು ಡ್ಯೂಟಿ ಬಿಟ್ಟು ಹೋಗಿಲ್ಲ."

ಕ್ಯಾಪ್ಟನ್ ಹೆಚ್ಚು ಹೊತ್ತು ಕೂರಲಿಲ್ಲ.

ಆಮೇಲೆ ತಮ್ಮ ಬಂದ. ಅವನಿಗೆ ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಅವತ್ತು ನಾನು ಅಂದ ಮಾತಿಗೆ ತಿರುಗಿ ಒಂದು ಮಾತು ಅನ್ನಲು ಅವನಿಗೆ ಹಕ್ಕಿತ್ತು. ಅವನು ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಕೈ ಒರೆಸಿಕೊಂಡು, "ವಾರದ ನಡುವೆ ಎರಡು ದಿನ ನಾನು ಬಂದು ಇರ್ತೀನಕ್ಕ. ನೀನು ಒಬ್ಬಳೇ ಹೆಣಗಿದೆ," ಅಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನಾನು ಒಂದೇ ಸಲ ಆಡಿ ಕೆಡಿಸಿದವಳಲ್ಲ. ದಿನಾ ಎರಡು ಹೊತ್ತು, ನೀರು ಕೊಟ್ಟು ಆಡಿದ್ದೇನೆ. ಅಪ್ಪನಿಗೆ ತಮ್ಮನ ಮಕ್ಕಳ ಹೆಸರು ನಿಲ್ಲುವುದಿಲ್ಲ, ಅಮ್ಮ ಹೋದದ್ದು ನಿಲ್ಲುವುದಿಲ್ಲ, ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ. ನಾನು ಕಲಿಸಿದ್ದೊಂದು ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತಿದೆ. ಊರೆಲ್ಲ ನಗುತ್ತಿದ್ದಾಗಲೂ ಆ ಬೆಳಗು ಅವರ ಹತ್ತಿರ ಇತ್ತು. ನಗುವವರಿಂದ ಅದನ್ನು ಕಿತ್ತುಕೊಳ್ಳಲು ಆಗಿರಲಿಲ್ಲ.

ಅಕ್ಟೋಬರ್ 3, ಶುಕ್ರವಾರ

ಮರೆವಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಹೋದದ್ದನ್ನು ವಾಪಸ್ ತರಿಸಬಹುದಾ ಎಂದು. ಆಕೆ, "ಮತ್ತೆ ಮತ್ತೆ ಕೇಳಿ ಅವರನ್ನ ದಣಿಸಬೇಡಿ," ಅಂದಳು. ಹೆಚ್ಚುಕಡಿಮೆ ಇದೇ ಮಾತನ್ನು ಆಗಸ್ಟಿನಲ್ಲೂ ಹೇಳಿದ್ದಳು.

ಕೇಳುವುದನ್ನು ಬಿಟ್ಟಿದ್ದೇನೆ.

ಅಕ್ಟೋಬರ್ 12, ಭಾನುವಾರ

ಕಿತ್ತ ಪರದೆಯನ್ನು ಮತ್ತೆ ಹಾಕಲಿಲ್ಲ. ಅಪ್ಪ ಬೆಳಕಿಗೇ ಏಳುತ್ತಾರೆ. ನಾನೂ ಎದ್ದು ಇನ್ನೊಂದು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಇವತ್ತು ಚಹಾ ಮಾಡಿ ತಂದೆ. ಅಪ್ಪನಿಗೆ ಅರ್ಧ ಲೋಟ, ಚೆಲ್ಲದ ಹಾಗೆ.

"ಏನು ನೋಡ್ತಿದೀಯ?" ಅಂದರು.

"ಆಕಾಶ."

"ಏನಿದೆ ಅಲ್ಲಿ?"

ನಾನು ಹೇಳಿದೆ. ನಿಮ್ಮದು ಅನ್ನಲಿಲ್ಲ. ನಾನು ಒಂದು ದಿನ ಏರ್‌ಫೀಲ್ಡಿನಲ್ಲಿ ಕಂಡದ್ದು ಅಂತ, ನಿಧಾನವಾಗಿ, ಮೊದಲಿನಿಂದ ಹೇಳಿದೆ. ರೆಕ್ಕೆಗೆ ಜೋತುಬಿದ್ದದ್ದು, ಹಲ್ಲಿನ ಡಾಕ್ಟರು ನೆಲಕ್ಕೆ ಕೂತದ್ದು. ಅಪ್ಪ ನಕ್ಕರು. ಎಷ್ಟು ದಿನವಾಗಿತ್ತು.

"ಹಕ್ಕಿಗಳು?" ಅಂದರು ಇದ್ದಕ್ಕಿದ್ದಂತೆ.

ನಾನು ಲೋಟ ಕೆಳಗಿಟ್ಟೆ. "ಎಲ್ಲ ಹುಲ್ಲಿನ ಮೇಲೆ ಕೂತಿದ್ವು ಅಪ್ಪ."

"ಹೌದಾ," ಅಂದರು. ಅಷ್ಟೇ. ಲೋಟದ ತಳದಲ್ಲಿ ಉಳಿದ ಚಹಾ ಕುಡಿದರು. ಮುಂದೆ ಏನಾದರೂ ಬರುತ್ತದೇನೋ ಎಂದು ಬಹಳ ಹೊತ್ತು ಕಾದೆ. ಬರಲಿಲ್ಲ.

ಅಕ್ಟೋಬರ್ 19, ಭಾನುವಾರ

ಬೆಳಿಗ್ಗೆ ಮತ್ತೆ ಹೇಳಿಸಿಕೊಂಡರು. "ಆವತ್ತು ಏನೋ ನೋಡಿದೆ ಅಂದ್ಯಲ್ಲ, ಹೇಳು." ದಿನಾ ಅವರಿಗೆ ಹೊಸದು. ದಿನಾ ಒಂದೇ ಜಾಗದಲ್ಲಿ ನಗುತ್ತಾರೆ. ಹೇಳುತ್ತಾ ಹೇಳುತ್ತಾ ಇವತ್ತು ಕೆಲಸಕ್ಕೆ ತಡವಾಗುತ್ತದೆ ಎಂದು ಎದ್ದೆ, ಆಮೇಲೆ ನೋಡಿದರೆ ಭಾನುವಾರ.

ಅಕ್ಟೋಬರ್ 26, ಭಾನುವಾರ

ಅಪ್ಪನಿಗೆ ಕ್ಷೌರ ಮಾಡಲು ಹೊಸಬ ಬಂದಿದ್ದ. ಹಳಬ ಬೇರೆ ಊರಿಗೆ ಹೋದನಂತೆ. ಇವನು ಈ ಊರಿಗೆ ಬಂದು ವಾರ ಆಗಿಲ್ಲ. ಬಾಯಿ ಕತ್ತರಿಗಿಂತ ಚುರುಕು. ನಡುಮನೆಯ ಕನ್ನಡಿಯ ಎದುರು ಕುರ್ಚಿ ಹಾಕಿ, ಅಪ್ಪನ ಕೊರಳಿಗೆ ಟವೆಲ್ ಸುತ್ತಿ ನೊರೆ ಹಚ್ಚಿದ. ನಾನು ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದೆ.

ಅಪ್ಪ ಅವನಿಗೆ ಹೇಳತೊಡಗಿದರು. "ನನ್ನ ಮಗಳು ವಿಮಾನ ರಿಪೇರಿ ಮಾಡ್ತಾಳೆ. ಅವಳು ಒಂದು ಮೋಡ ನೋಡಿದಾಳೆ. ಆಕಾಶದ ಈ ತುದಿಯಿಂದ ಆ ತುದಿಗೆ..." ಮಾತಿಗೆ ತಡಕಾಡಿದರು. ಕೈಯಿಂದ ಗಾಳಿಯಲ್ಲಿ ಏನನ್ನೋ ಸುತ್ತಿದರು. "ಉರುಳ್ಕೊಂಡು ಬಂತಂತೆ."

"ಮೋಡ ಉರುಳೋದಾ?" ಅವನು ಕಿಸಕ್ಕನೆ ನಕ್ಕ. ಕನ್ನಡಿಯಲ್ಲಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ, ನಾವಿಬ್ಬರೂ ಒಂದೇ ಪಕ್ಷ ಅನ್ನುವ ಹಾಗೆ. "ಅಕ್ಕ ಅವತ್ತು ನಿದ್ದೆಗಣ್ಣಲ್ಲಿ ಡ್ಯೂಟಿಗೆ ಹೋಗಿದ್ರು ಅನ್ಸುತ್ತೆ ಅಜ್ಜ. ಸುಮ್ನೆ ನಿಮಗೆ ಕಥೆ ಕಟ್ಟಿದಾರೆ."

ಕೆಟ್ಟ ಮನುಷ್ಯನಲ್ಲ. ಮುದುಕರ ಜೊತೆ ಎಲ್ಲರೂ ಆಡುವ ಮಾತು. ನಾನೂ ನಗಲು ಹೊರಟಿದ್ದೆ.

ಅಪ್ಪ ಅವನ ಕೈಯನ್ನು ಸರಿಸಿ ಎದ್ದು ನಿಂತರು. ಅರ್ಧ ಮುಖ ನುಣ್ಣಗೆ, ಅರ್ಧ ನೊರೆ. ಕೊರಳಿನ ಟವೆಲ್ ಕಿತ್ತು ಕುರ್ಚಿಯ ಮೇಲೆ ಎಸೆದರು. ತಿಂಗಳುಗಳಿಂದ ನಾನು ಆ ದನಿ ಕೇಳಿರಲಿಲ್ಲ; ರನ್‌ವೇಯ ಆ ತುದಿಗೆ ಕೇಳಿಸುವ ಹಾಗೆ ಕೂಗುತ್ತಿದ್ದ ದನಿ.

"ನನ್ನ ಮಗಳು ನೋಡಿದೀನಿ ಅಂದ್ರೆ ನೋಡಿದಾಳೆ! ಅವಳು ಸುಳ್ಳು ಹೇಳೋಳಲ್ಲ. ನೀನ್ಯಾರಯ್ಯ ನಗೋಕೆ? ನಡಿ ಹೊರಗೆ!"

"ಅಜ್ಜ, ಇನ್ನೊಂದು ಕೆನ್ನೆ..."

"ಬೇಡ. ನಡಿ."

ಅವನು ಪೆಟ್ಟಿಗೆ ಮುಚ್ಚಿಕೊಂಡು ಹೋದ. ಬಾಗಿಲವರೆಗೆ ಹೋಗಿ ಸಮಾಧಾನ ಹೇಳಿ ಕಳಿಸಿ ಬಂದೆ. ಅಪ್ಪ ನಿಂತೇ ಇದ್ದರು. ಹಿಡಿದು ಕೂರಿಸಿದೆ. ಅಂಥ ಮಾತನ್ನು ಯಾರಾದರೂ ಒಬ್ಬರು, ಒಂದೇ ಒಂದು ಸಲ, ಆ ಕ್ಯಾಂಟೀನಿನಲ್ಲಿ ಆಡಬಹುದಿತ್ತು. ನಾನು ಅಲ್ಲೇ ನಿಂತಿರುತ್ತಿದ್ದೆ, ಎಷ್ಟೋ ಸಲ, ಕೈ ಒರೆಸಿಕೊಳ್ಳುತ್ತಾ.

ಬಚ್ಚಲಿನಿಂದ ಅಪ್ಪನ ಹಳೆಯ ರೇಜರ್ ತಂದೆ. ಎಂಜಿನ್ನಿನ ಒಳಗೆ ಕೈ ಹಾಕಿ ಕೂದಲೆಳೆಯಷ್ಟು ಸಂದು ಅಳೆಯುವವಳಿಗೆ ಕೆನ್ನೆಯ ಮೇಲಿನ ನೊರೆಯ ಅಂಚು ಕಾಣಲಿಲ್ಲ. ಕಣ್ಣು ಮಂಜಾಗುತ್ತಿತ್ತು. ನಿಲ್ಲಿಸಿ ತೋಳಿನಿಂದ ಒರೆಸಿಕೊಂಡೆ, ಮತ್ತೆ ಶುರುಮಾಡಿದೆ.

ಅಪ್ಪ ನನ್ನ ಮಣಿಕಟ್ಟು ಹಿಡಿದರು.

"ಅಳಬೇಡ," ಅಂದರು. "ನಂಬದೋರು ನಂಬದೇ ಹೋಗಲಿ. ನಾನಿದೀನಲ್ಲ."

"ಹೂಂ ಅಪ್ಪ," ಅಂದೆ.

ಗಲ್ಲ ಎತ್ತಿ ಕೊಟ್ಟರು. ಉಳಿದದ್ದನ್ನು ಮುಗಿಸಿದೆ.